ರಕ್ತದಲ್ಲಿ ಡಿಗಾಕ್ಸಿನ್ ಅಳತೆ: ಎರಡು ವಿಧಾನಗಳು

ಹೃದಯವೈಫಲ್ಯದಲ್ಲಿಯೂ ಹೃದಯಬಡಿತದ ಏರುಪೇರಿನಲ್ಲಿಯೂ ವೈದ್ಯರು ನೀಡುವ ಡಿಗಾಕ್ಸಿನ್ ಔಷಧದಲ್ಲಿ ಗುಣ ನೀಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಇರುವ ಅಂತರ ಬಹಳ ಕಿರಿದು. ಹೃದಯವೈಫಲ್ಯಕ್ಕೆ ಒಂದು ಮಿಲಿಲೀಟರ್ ಸೀರಂನಲ್ಲಿ 0.5ರಿಂದ 0.9 ನ್ಯಾನೋಗ್ರಾಂ ಸಾಕು. 2 ದಾಟಿದರೆ ವಿಷಬಾಧೆಯ ಸಂಭವ ಹೆಚ್ಚು. ನ್ಯಾನೋಗ್ರಾಂ ಎಂದರೆ ಗ್ರಾಂನ ನೂರು ಕೋಟಿಯಲ್ಲಿ ಒಂದು ಪಾಲು. ಚಿನಿವಾರರ ತಕ್ಕಡಿಗೂ ನಿಲುಕದ ತೂಕವಿದು!

ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಇಮ್ಯುನೋ ಅಸೇ. ಕಿಟ್‌ನಲ್ಲಿರುವ ಪ್ರತಿಕಾಯವು ಡಿಗಾಕ್ಸಿನ್ನನ್ನು ಅದರ ಆಕಾರದಿಂದ ಗುರುತಿಸುತ್ತದೆ. ಕೆಲಸ ಶೀಘ್ರ, ವೆಚ್ಚ ಮಿತ. ಆದರೆ ಆಕಾರ ಹೋಲುವ ಬೇರೆ ವಸ್ತುವೂ ಪ್ರತಿಕಾಯಕ್ಕೆ ಅಂಟಿಕೊಳ್ಳಬಹುದು. ಇಂಥ ರೋಗಿಗಳಿಗೆ ಜೊತೆಯಲ್ಲಿಯೇ ಕೊಡುವುದುಂಟಾದ ಸ್ಪಿರೊನೊಲ್ಯಾಕ್ಟೋನ್ ಮಾತ್ರೆಯಿಂದ ಕೆಲವು ಕಿಟ್‌ಗಳು ಅಂಕಿಯನ್ನು ಏರಿಸಿ ತೋರಿಸಿದ್ದರೆ, ಬೇರೆ ಕೆಲವು ಇಳಿಸಿ ತೋರಿಸಿದ್ದುಂಟು. ಎರಡನೆಯದೇ ಹೆಚ್ಚು ಅಪಾಯಕರ: ಔಷಧ ಸಾಲದೆಂದು ಭಾವಿಸಿ ವೈದ್ಯರು ಪ್ರಮಾಣವನ್ನು ಏರಿಸಿಬಿಡಬಹುದು.

ದ್ರವ ಕ್ರೊಮೆಟೊಗ್ರಫಿಯೊಡನೆ ಮಾಸ್ ಸ್ಪೆಕ್ಟ್ರೊಮೆಟ್ರಿ ಬಳಸುವ ವಿಧಾನವು ಮೊದಲು ವಸ್ತುಗಳನ್ನು ಬೇರ್ಪಡಿಸಿ, ಅನಂತರ ಅಣುವಿನ ತೂಕದಿಂದ ಡಿಗಾಕ್ಸಿನ್ನನ್ನು ಗುರುತಿಸುತ್ತದೆ. ಇಲ್ಲಿ ಇಂಥ ಗೊಂದಲ ಬಲು ಕಡಿಮೆ. ಆದರೆ ಯಂತ್ರದ ಬೆಲೆ ಭಾರಿ, ನುರಿತ ಕೆಲಸಗಾರರೂ ಬೇಕು. ಸಣ್ಣ ಪ್ರಯೋಗಾಲಯಕ್ಕೆ ಇದು ಹೊರೆಯೇ ಸರಿ.

ಆದುದರಿಂದ ಕಿಟ್ ತಯಾರಿಸುವ, ಮಾರುವ ಸದಸ್ಯರು ಅಡ್ಡಿಪಡಿಸುವ ವಸ್ತುಗಳ ವಿವರವನ್ನು ಗ್ರಾಹಕರಿಗೆ ಮೊದಲೇ ತಿಳಿಸುವುದು ಒಳಿತು. ಅಗ್ಗವೆಂದು ಕಿಟ್ ಬದಲಿಸುವ ಪ್ರಯೋಗಾಲಯವು ಅದೇ ಮಾದರಿಗಳನ್ನು ಹಳೆಯ ಮತ್ತು ಹೊಸ ಕಿಟ್ಟುಗಳೆರಡರಲ್ಲೂ ಪರೀಕ್ಷಿಸಿ ನೋಡತಕ್ಕದ್ದು. ಅಂತೆಯೇ ಮಾತ್ರೆ ನುಂಗಿದ ಆರು ಗಂಟೆಯೊಳಗೆ ತೆಗೆದ ರಕ್ತವಾದರೆ, ಯಾವ ಯಂತ್ರದ ಅಂಕಿಯೂ ವೈದ್ಯರನ್ನು ದಾರಿ ತಪ್ಪಿಸೀತು.