ಮಳೆ ಬಿದ್ದ ಹೊಲದಲ್ಲಿ ವಜ್ರದ ಹುಡುಕಾಟ: ತಿಳಿದಿರಬೇಕಾದ ನಾಲ್ಕು ಮಾತು



ಮುಂಗಾರಿನ ಮೊದಲ ಮಳೆ ಬಿದ್ದ ಕೂಡಲೇ ಆದೋನಿ, ರಾಯದುರ್ಗದ ಕಡೆಯ ನಮ್ಮವರ ಕಿವಿಗೆ ಒಂದು ಸುದ್ದಿ ಬಿದ್ದೇ ಬೀಳುತ್ತದೆ: "ಜೊನ್ನಗಿರಿ ಹೊಲದಾಗ ಯಾರಿಗೋ ವಜ್ರ ಸಿಕ್ಕತಂತ." ಕರ್ನೂಲು ಜಿಲ್ಲೆಯ ತುಗ್ಗಲಿ, ಜೊನ್ನಗಿರಿ ಮತ್ತು ಅನಂತಪುರ ಜಿಲ್ಲೆಯ ವಜ್ರಕರೂರು ಸುತ್ತಿನ ಹೊಲಗಳಿಗೆ ಜನ ಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ. ಕೆಲವರಿಗೆ ಅದು ಹವ್ಯಾಸ, ಕೆಲವರಿಗೆ ಕೊನೆಯ ಆಸೆ. ಸದಸ್ಯರು ಆಗಾಗ ವಿಚಾರಿಸುತ್ತಿರುವುದರಿಂದ ವಿಷಯವನ್ನು ಕ್ರಮವಾಗಿ ಬರೆಯುತ್ತಿದ್ದೇವೆ.

ವಜ್ರ ಹೊಲಕ್ಕೆ ಬಂದದ್ದು ಹೇಗೆ?

ವಜ್ರ ಹುಟ್ಟುವುದು ನೆಲದಡಿ ಸುಮಾರು 150 ಕಿಲೋಮೀಟರ್ ಆಳದಲ್ಲಿ. ಅದನ್ನು ಮೇಲಕ್ಕೆ ಹೊತ್ತು ತಂದದ್ದು ಕಿಂಬರ್ಲೈಟ್ ಎಂಬ ಶಿಲೆ. ವಜ್ರಕರೂರಿನಲ್ಲಿ ಈ ಶಿಲೆ ಕೊಳವೆಯ ಆಕಾರದಲ್ಲಿ ನೆಲದೊಳಗೆ ಇಳಿದಿದೆ. ಅದರ ವಯಸ್ಸು ಸುಮಾರು 110 ಕೋಟಿ ವರ್ಷ. ಬಿಸಿಲು ಮಳೆಗೆ ಕಲ್ಲು ಕರಗಿ ಮಣ್ಣಾಯಿತು, ಗಟ್ಟಿಯಾದ ವಜ್ರ ಉಳಿಯಿತು, ನೀರಿನೊಡನೆ ಹರಿದು ಜಲ್ಲಿಯಲ್ಲಿ ಸೇರಿತು. ಮೊದಲ ಮಳೆ ಮೇಲಿನ ಧೂಳನ್ನು ತೊಳೆದಾಗ ಹರಳು ಬಿಸಿಲಿಗೆ ಹೊಳೆಯುತ್ತದೆ. ಜನ ಆಗಲೇ ಹೋಗುವುದು ಅದಕ್ಕೇ.

ಹಳೆಯ ಕಾಲದಲ್ಲಿ

18ನೇ ಶತಮಾನದಲ್ಲಿ ಬ್ರೆಜಿಲ್‌ನಲ್ಲಿ ವಜ್ರ ಸಿಗುವವರೆಗೆ ಲೋಕದ ವಜ್ರ ಹೆಚ್ಚಾಗಿ ಭಾರತದಿಂದಲೇ ಹೋಗುತ್ತಿತ್ತು. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ನೂನಿಜ್, ಗೊತ್ತುಮಾಡಿದ ತೂಕ ಮೀರಿದ ವಜ್ರಗಳೆಲ್ಲ ಅರಸರ ಬೊಕ್ಕಸಕ್ಕೆ ಸೇರಬೇಕಿತ್ತೆಂದು ಬರೆದಿದ್ದಾನೆ.

ಕಲ್ಲು ಹುಡುಕಿದವರಿಗೆ ಕಲ್ಲಿಗಿಂತ ದೊಡ್ಡದು ಸಿಕ್ಕದ್ದೂ ಉಂಟು. 1915ರಲ್ಲಿ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಶಾಸನ ಕಂಡವರು ಚಿನ್ನದ ಗಣಿಯ ಎಂಜಿನಿಯರ್ ಬೀಡನ್. ಜೊನ್ನಗಿರಿಯ ಹತ್ತಿರದ ಎರ್ರಗುಡಿಯ ಅಶೋಕ ಶಾಸನಗಳನ್ನು 1929ರಲ್ಲಿ ಬೆಳಕಿಗೆ ತಂದವರೂ ಒಬ್ಬ ಭೂವಿಜ್ಞಾನಿ.

ಗುರುತಿಸುವುದು

ಹೊಳೆಯುವ ಹರಳುಗಳಲ್ಲಿ ಬಹುಪಾಲು ಬೆಣಚುಕಲ್ಲು. "ಗಾಜಿನ ಮೇಲೆ ಗೀರು ಬಿತ್ತು, ವಜ್ರವೇ" ಎನ್ನುವುದು ತಪ್ಪು. ಗಾಜಿನ ಗಟ್ಟಿತನ ಸುಮಾರು 5.5, ಬೆಣಚಿನದು 7, ವಜ್ರದ್ದು 10. ಬೆಣಚೂ ಗಾಜನ್ನು ಗೀರುತ್ತದೆ. ಸುತ್ತಿಗೆಯ ಪರೀಕ್ಷೆಯಂತೂ ಬೇಡ. ಗಟ್ಟಿಯಾದರೂ ಪೆಟ್ಟಿಗೆ ವಜ್ರ ಸೀಳುತ್ತದೆ. ಆಕಾರ ನೋಡಿ: ಬೆಣಚು ಆರು ಮಗ್ಗುಲಿನ ಕಂಬದಂತೆ, ವಜ್ರ ಹೆಚ್ಚಾಗಿ ಎರಡು ಗೋಪುರಗಳನ್ನು ಬುಡಕ್ಕೆ ಬುಡ ಜೋಡಿಸಿದಂತೆ ಎಂಟು ಮುಖ. ತೂಕವೂ ಹೇಳುತ್ತದೆ: ನೀರಿಗಿಂತ ಬೆಣಚು 2.65 ಪಟ್ಟು, ವಜ್ರ 3.5 ಪಟ್ಟು ಭಾರ.

ಸದಸ್ಯರಲ್ಲಿ ವಿನಂತಿ

1. ಹೊಲ ರೈತರದು. ಬಿತ್ತನೆಯ ಕಾಲದಲ್ಲಿ ತುಳಿದರೆ ಅವರ ವರ್ಷದ ಅನ್ನಕ್ಕೇ ಕಲ್ಲು. ಕೇಳದೆ ಕಾಲಿಡಬೇಡಿ.

2. ಗುದ್ದಲಿ ಹಾಕಿ ಅಗೆಯಬೇಡಿ. ಗಣಿಗಾರಿಕೆಗೆ 1957ರ ಗಣಿ ಮತ್ತು ಖನಿಜ ಕಾಯ್ದೆಯಂತೆ ಪರವಾನಗಿ ಬೇಕು.

3. ಸಾಲ ಮಾಡಿ, ಕೂಲಿ ಬಿಟ್ಟು ವಾರಗಟ್ಟಲೆ ಮರದಡಿ ಕೂರಬೇಡಿ. ಸಿಕ್ಕವರ ಸುದ್ದಿ ಊರೆಲ್ಲ ಹಬ್ಬುತ್ತದೆ, ಬರಿಗೈಲಿ ಬಂದವರ ಸುದ್ದಿ ಅವರ ಮನೆಯಲ್ಲೇ ಉಳಿಯುತ್ತದೆ.

4. ಸ್ಥಳದಲ್ಲೇ ಬೆಲೆ ಹೇಳುವ ದಲ್ಲಾಳಿಯ ಮಾತಿಗೆ ಒಪ್ಪುವ ಮೊದಲು ಹರಳನ್ನು ತೂಗಿಸಿ. ಒಂದು ಕ್ಯಾರಟ್ ಎಂದರೆ 0.2 ಗ್ರಾಂ.

ವಜ್ರ ಸಿಗದವರ ಜೇಬಿನಲ್ಲೂ ನಾಲ್ಕು ಚಂದದ ಕಲ್ಲು ಇದ್ದೇ ಇರುತ್ತವೆ. ಎಲ್ಲಿ, ಯಾವಾಗ ಸಿಕ್ಕಿತೆಂದು ಚೀಟಿ ಬರೆದು ಒಟ್ಟಿಗಿಡಿ. ಚೀಟಿ ಇಲ್ಲದ ಕಲ್ಲು ವಿಳಾಸವಿಲ್ಲದ ಕಾಗದದಂತೆ. ಮುಂದಿನ ಮಾಸಿಕ ಸಭೆಗೆ ತನ್ನಿ, ಮಕ್ಕಳನ್ನೂ ಕರೆತನ್ನಿ. ಒಂದು ಮೇಜು ಖಾಲಿ ಇಟ್ಟಿರುತ್ತೇವೆ. ಹತ್ತು ಜನ ಸೇರಿದರೆ ಸಂಘದಲ್ಲೇ ಒಂದು ಕಲ್ಲು ಸಂಗ್ರಹ ಬಳಗ ಕಟ್ಟೋಣ.

— ಕಾರ್ಯದರ್ಶಿ