ತೆರೆಯ ಮೇಲೊಂದು ವೃತ್ತ

ಬೆಂಗಳೂರಿನ ಗವಿಪುರಂನಲ್ಲಿರುವ ಗವಿಗಂಗಾಧರೇಶ್ವರ ದೇವಾಲಯವನ್ನು ನೋಡಿರುವ ವಾಚಕರಿಗೆ ಅದರ ಅಂಗಳದ ಎರಡು ಶಿಲಾಚಕ್ರಗಳು ನೆನಪಿರಬಹುದು. ಕಲ್ಲಿನ ಕಂಬಗಳ ಮೇಲೆ ನಿಂತಿರುವ ಈ ಭಾರಿ ಬಿಲ್ಲೆಗಳಿಗೆ ಸೂರ್ಯಪಾನ, ಚಂದ್ರಪಾನ ಎಂದು ಹೆಸರು. 1792ರಲ್ಲಿಯೇ ಥಾಮಸ್ ಡೇನಿಯಲ್ ಮತ್ತು ವಿಲಿಯಂ ಡೇನಿಯಲ್ ಎಂಬ ಆಂಗ್ಲ ಚಿತ್ರಕಾರರು ಈ ದೇವಾಲಯದ ಚಿತ್ರಗಳನ್ನು ಬರೆದಿದ್ದರು. ಮಕರ ಸಂಕ್ರಾಂತಿಯ ಸಂಜೆ ಸೂರ್ಯಕಿರಣವು ನಂದಿಯ ಕೊಂಬುಗಳ ನಡುವೆ ಹಾದು ಗವಿಯೊಳಗಿನ ಲಿಂಗವನ್ನು ಮುಟ್ಟುವುದನ್ನು ಕಾಣಲು ಜನರು ನೆರೆಯುವುದೂ ಇಲ್ಲಿಯೇ.

ಇಂತಹ ಚಕ್ರದ ಅಂಚನ್ನು ಬಂಡೆಯ ಮೇಲೆ ಗುರುತಿಸಲು ಏನೇನು ಬೇಕು? ಒಂದು ಮೊಳೆ, ಒಂದು ದಾರ, ಗೀರಲು ಒಂದು ಸಾಧನ, ಇಷ್ಟು ಸಾಕು. ದಾರವು ಬಿಗಿಯಾಗಿರುವವರೆಗೆ ಕೈ ಎತ್ತ ಸರಿದರೂ ಕೇಂದ್ರದಿಂದ ಅದರ ದೂರ ಬದಲಾಗದು. ಸುತ್ತು ಮುಗಿದಾಗ ಗೀರು ಹೊರಟ ಸ್ಥಳಕ್ಕೇ ಬಂದು ಸೇರುವುದು. ರೇಖಾಗಣಿತವನ್ನು ಕಾಪಾಡುವ ಹೊಣೆಯೆಲ್ಲ ದಾರದ್ದು.

ಗಣಕಯಂತ್ರದ ತೆರೆಯ ಮೇಲೆ ಮೊಳೆಯೂ ಇಲ್ಲ, ದಾರವೂ ಇಲ್ಲ. ಅಲ್ಲಿರುವುದು ಸಾಲುಸಾಲಾಗಿ ಜೋಡಿಸಿದ ಮನೆಗಳು ಮಾತ್ರ. ಯಾವ ಮನೆಯಲ್ಲಿ ಚುಕ್ಕಿ ಇಡಬೇಕೆಂಬುದನ್ನು ಅಂಕಿಗಳ ಮೂಲಕ ನಾವೇ ಹೇಳಬೇಕು. ವೃತ್ತವೆಂದರೇನೆಂದು ಯಂತ್ರಕ್ಕೆ ತಿಳಿಯದು. ದಾರವಿಲ್ಲದೆ ವೃತ್ತವನ್ನು ಮುಚ್ಚುವುದು ಹೇಗೆ? ಈ ಪ್ರಶ್ನೆ ಕಾಣುವಷ್ಟು ಸುಲಭವಲ್ಲವೆಂಬುದು ನಮಗೆ ತಿಳಿದದ್ದು ಒಮ್ಮೆ ಎಡವಿದ ಮೇಲೆ. ಅದನ್ನು ಫೋರ್ತ್ ಎಂಬ ಗಣಕಭಾಷೆಯ ಸಹಾಯದಿಂದ ಇಲ್ಲಿ ವಿವರಿಸುವೆವು.

ಫೋರ್ತ್ ಭಾಷೆಯನ್ನು ರಚಿಸಿದವರು ಅಮೆರಿಕದ ಚಾರ್ಲ್ಸ್ ಮೂರ್. ಅದು ರೂಪುಗೊಂಡದ್ದು 1968ರ ಸುಮಾರಿಗೆ. ಮೂರನೆಯ ಪೀಳಿಗೆಯ ಗಣಕಗಳ ಆ ಕಾಲದಲ್ಲಿ ತಮ್ಮ ಭಾಷೆ ನಾಲ್ಕನೆಯ ಪೀಳಿಗೆಗೆ ತಕ್ಕುದೆಂದು ಭಾವಿಸಿ, 'ನಾಲ್ಕನೆಯದು' ಎಂಬರ್ಥದ ಇಂಗ್ಲಿಷ್ ಪದವನ್ನೇ ಅವರು ಹೆಸರಾಗಿ ಆರಿಸಿದರು. ಆದರೆ ಅವರು ಬಳಸುತ್ತಿದ್ದ ಐಬಿಎಂ 1130 ಗಣಕದಲ್ಲಿ ಹೆಸರುಗಳಿಗೆ ಐದೇ ಅಕ್ಷರಗಳ ಮಿತಿ. ಆರಕ್ಷರದ ಪದದಿಂದ ಒಂದನ್ನು ಬಿಡಬೇಕಾಯಿತು! 1970ರ ದಶಕದ ಮೊದಲಲ್ಲಿ ಅಮೆರಿಕದ ಕಿಟ್ ಪೀಕ್ ಪರ್ವತದ ರೇಡಿಯೋ ದೂರದರ್ಶಕವನ್ನು ನಡೆಸಲು ಈ ಭಾಷೆ ಬಳಕೆಗೆ ಬಂದಿತು. ಅಂದಿನ ಸಣ್ಣ ಗಣಕಗಳ ಕಿರಿದಾದ ಸ್ಮೃತಿಗೆ ಅದು ಚೆನ್ನಾಗಿ ಹೊಂದಿತು. 2014ರಲ್ಲಿ ಧೂಮಕೇತುವೊಂದರ ಮೇಲೆ ಇಳಿದ ಫಿಲೇ ಎಂಬ ನೌಕೆಯಲ್ಲಿಯೂ ಫೋರ್ತ್‌ಗೆಂದೇ ರೂಪಿಸಿದ ಸಂಸ್ಕಾರಕವಿತ್ತು.

ಈ ಭಾಷೆಯ ವಾಕ್ಯರಚನೆ ಇಂಗ್ಲಿಷ್ ಓದಿದವರಿಗೆ ವಿಚಿತ್ರವಾಗಿ ಕಾಣುವುದು. ಕನ್ನಡಿಗರಿಗೆ ಹಾಗೆ ಕಾಣಬೇಕಾಗಿಲ್ಲ. ನಮ್ಮ ಮಾತಿನಲ್ಲಿ ಕ್ರಿಯಾಪದವು ಕೊನೆಗೆ ಬರುವುದಷ್ಟೆ. 'ಎರಡನ್ನೂ ಮೂರನ್ನೂ ಕೂಡು' ಎನ್ನುತ್ತೇವೆ. ಫೋರ್ತ್‌ನಲ್ಲಿಯೂ ಹಾಗೆಯೇ:

2 3 +

ಇಲ್ಲಿ 2 ಮತ್ತು 3 ಒಂದರ ಮೇಲೊಂದು ಪೇರಿಸಿದ ತಟ್ಟೆಗಳಂತೆ ಒಂದು ಅಟ್ಟಿಯಲ್ಲಿ ಕೂರುತ್ತವೆ. ಕೂಡುವ ಚಿಹ್ನೆ ಬಂದೊಡನೆ ಮೇಲಿನ ಎರಡು ತಟ್ಟೆಗಳು ಹೋಗಿ, ಅವುಗಳ ಸ್ಥಳದಲ್ಲಿ 5 ಎಂಬ ಒಂದೇ ತಟ್ಟೆ ಉಳಿಯುವುದು. ಈ ಅಟ್ಟಿಯನ್ನು ಸ್ಟ್ಯಾಕ್ ಎನ್ನುವರು. ಕೊನೆಯಲ್ಲಿಟ್ಟದ್ದನ್ನೇ ಮೊದಲು ತೆಗೆಯಬೇಕೆಂಬುದು ಅದರ ನಿಯಮ.

ಹೊಸ ಪದವನ್ನು ರಚಿಸಲು ವಿವರಣಚಿಹ್ನೆಯಿಂದ ಆರಂಭಿಸಿ ಅರ್ಧವಿರಾಮದಿಂದ ಮುಗಿಸಬೇಕು. ಪದಗಳ ನಡುವೆ ತೆರಪು ಕಡ್ಡಾಯ. ಫೋರ್ತ್‌ನ ಮೂಲಪದಗಳನ್ನು ನಾವು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ. ಯಂತ್ರದ ಮುಂದೆ ಅವನ್ನು ರೋಮನ್ ಲಿಪಿಯಲ್ಲಿ ಒತ್ತಬೇಕು. ನಾವು ಹೊಸದಾಗಿ ರಚಿಸುವ ಪದಗಳನ್ನು ಮಾತ್ರ, ಉಚಿತವಾಗಿ ದೊರೆಯುವ ಜಿಫೋರ್ತ್‌ನಲ್ಲಿ, ಕನ್ನಡದಲ್ಲಿಯೇ ಇಡಬಹುದು.

ನಮ್ಮ ಮನೆಗಳ ಮುಂದೆ ರಂಗವಲ್ಲಿ ಹಾಕುವವರು ಮೊದಲು ಚುಕ್ಕಿಗಳನ್ನು ಇಡುವರು. ನಾವೂ ಅದರಿಂದಲೇ ಆರಂಭಿಸೋಣ.

: ಚುಕ್ಕಿ ಅಟ್-ಎಕ್ಸ್‌ವೈ 42 ಎಮಿಟ್ ;

ಅಟ್-ಎಕ್ಸ್‌ವೈ ಎಂಬ ಪದವು ಅಟ್ಟಿಯಿಂದ ಎರಡು ಅಂಕಿಗಳನ್ನು ತೆಗೆದುಕೊಂಡು ಆ ಮನೆಗೆ ಹೋಗಿ ನಿಲ್ಲುವುದು. 42 ಎಂಬುದು ನಕ್ಷತ್ರಚಿಹ್ನೆಯ ಸಂಕೇತಾಂಕ; ಎಮಿಟ್ ಅದನ್ನು ಮುದ್ರಿಸುವುದು. ಇನ್ನು '40 12 ಚುಕ್ಕಿ' ಎಂದರೆ 40ನೆಯ ಮನೆ, 12ನೆಯ ಸಾಲಿನಲ್ಲಿ ಒಂದು ಚುಕ್ಕಿ. ಎಣಿಕೆ ಎಡಮೂಲೆಯ ಮೇಲ್ತುದಿಯಲ್ಲಿ ಸೊನ್ನೆಯಿಂದ ಆರಂಭವಾಗುವುದು. ಸಾಮಾನ್ಯವಾಗಿ ಅಡ್ಡಲಾಗಿ 80 ಮನೆ, 24 ಸಾಲು ಇರುವುವು.

ಚುಕ್ಕಿಯ ಬಳಿಕ ಚೌಕ.

: ಸಾಲು 0 ಡೂ 42 ಎಮಿಟ್ ಲೂಪ್ ;
: ಚೌಕ 10 0 ಡೂ 20 ಸಾಲು ಸಿಆರ್ ಲೂಪ್ ;

ಡೂ ಮತ್ತು ಲೂಪ್‌ಗಳ ನಡುವಿನ ಕೆಲಸ ಹೇಳಿದಷ್ಟು ಬಾರಿ ನಡೆಯುವುದು. ಸಿಆರ್ ಎಂದರೆ ಮುಂದಿನ ಸಾಲಿಗೆ ಹೋಗು ಎಂದರ್ಥ. ಚೌಕಕ್ಕೆ ಹತ್ತು ಸಾಲು, ಸಾಲಿಗೆ ಇಪ್ಪತ್ತು ಚುಕ್ಕಿ ಏಕೆಂದು ವಿದ್ಯಾರ್ಥಿಗಳು ಕೇಳಬಹುದು. ತೆರೆಯ ಮೇಲಿನ ಅಕ್ಷರದ ಮನೆಯ ಎತ್ತರ ಅದರ ಅಗಲದ ಸುಮಾರು ಎರಡರಷ್ಟು. ಅಡ್ಡಲಾಗಿ ಇಮ್ಮಡಿ ಚುಕ್ಕಿಗಳನ್ನು ಇಡದಿದ್ದರೆ ಚೌಕವು ಬಾಗಿಲಿನಂತೆಯೂ ವೃತ್ತವು ನಿಲ್ಲಿಸಿದ ಮೊಟ್ಟೆಯಂತೆಯೂ ಕಾಣುವುದು.

ಈಗ ವೃತ್ತಕ್ಕೆ ಬರೋಣ. ಕೇಂದ್ರದಿಂದ ಅಡ್ಡಲಾಗಿರುವ ದೂರವನ್ನು 'ಅ' ಎಂದೂ ಕೆಳಮುಖವಾಗಿರುವ ದೂರವನ್ನು 'ಕ' ಎಂದೂ ಕರೆಯೋಣ. ವೃತ್ತದ ಮೇಲೆ ನಡೆಯುವವನು ಯಾವಾಗಲೂ ತ್ರಿಜ್ಯಕ್ಕೆ ಲಂಬವಾದ ದಿಕ್ಕಿನಲ್ಲಿ ಸಾಗುವನು. ತ್ರಿಜ್ಯದ ಹದಿನಾರನೆಯ ಒಂದು ಪಾಲಿನಷ್ಟು ಹೆಜ್ಜೆಗಳನ್ನು ಇಡುತ್ತ ಹೋದರೆ ನಿಯಮವಿಷ್ಟು:

ಹೊಸ ಅ = ಅ − ಕ/16
ಹೊಸ ಕ = ಕ + ಅ/16

ಪರಿಧಿಯು ತ್ರಿಜ್ಯದ ಸುಮಾರು 6.28ರಷ್ಟು. ಆದುದರಿಂದ ಸುಮಾರು 101 ಹೆಜ್ಜೆಗಳಲ್ಲಿ ಸುತ್ತು ಮುಗಿಯಬೇಕು. ಸೈನ್, ಕೊಸೈನ್‌ಗಳ ಗೊಡವೆಯೇ ಇಲ್ಲ. ನಾವು ಇದನ್ನು ಮೊದಲ ಬಾರಿ ಬರೆದಾಗ ನಿಯಮವು ಸರಿಯೆಂಬ ವಿಷಯದಲ್ಲಿ ನಮಗೆ ಸಂದೇಹವೇ ಇರಲಿಲ್ಲ. ಆದರೆ ತೆರೆಯ ಮೇಲೆ ಮೂಡಿದ್ದು ವೃತ್ತವಲ್ಲ, ಚಕ್ಕುಲಿ! ಹತ್ತು ಸಾಲಿನ ತ್ರಿಜ್ಯದಿಂದ ಹೊರಟ ಚುಕ್ಕಿಗಳು ಒಂದು ಸುತ್ತು ಮುಗಿಸುವಷ್ಟರಲ್ಲಿ ಹನ್ನೆರಡು ಸಾಲಿನಷ್ಟು ದೂರ ಹೋಗಿದ್ದುವು.

ತಪ್ಪು ಯಂತ್ರದ್ದಲ್ಲ. ನಾವು ಇಟ್ಟ ಹೆಜ್ಜೆ ಸ್ಪರ್ಶರೇಖೆಯ ಮೇಲಿನದು. ಸ್ಪರ್ಶರೇಖೆಯ ಮೇಲೆ ನಡೆದವನು ವೃತ್ತದ ಹೊರಗೇ ಹೋಗುವನು. ತ್ರಿಜ್ಯವೂ ಹೆಜ್ಜೆಯೂ ಲಂಬಕೋನ ತ್ರಿಭುಜವೊಂದರ ಎರಡು ಭುಜಗಳು, ಹೊಸ ದೂರವು ಅದರ ಕರ್ಣ. ಪೈಥಾಗೊರಸನ ಪ್ರಮೇಯದಂತೆ ಪ್ರತಿ ಹೆಜ್ಜೆಗೂ ದೂರದ ವರ್ಗವು 256ರಲ್ಲಿ 1 ಪಾಲಿನಷ್ಟು ಬೆಳೆಯುವುದು. ಒಂದು ಹೆಜ್ಜೆಯಲ್ಲಿ ಕಣ್ಣಿಗೆ ಕಾಣದ ಈ ವೃದ್ಧಿ, ಚಕ್ರಬಡ್ಡಿಯಂತೆ 101 ಹೆಜ್ಜೆಗಳಲ್ಲಿ ಸೇರಿ ತ್ರಿಜ್ಯವನ್ನು ಶೇಕಡಾ 22ರಷ್ಟು ಹಿಗ್ಗಿಸುವುದು. ಹೆಜ್ಜೆಯನ್ನು 32ನೆಯ ಒಂದು ಪಾಲಿಗೆ ಇಳಿಸಿದರೂ ಸುಮಾರು ಶೇಕಡಾ 10ರಷ್ಟು ಹಿಗ್ಗು ಉಳಿಯುವುದು. ಹೆಜ್ಜೆ ಎಷ್ಟೇ ಸಣ್ಣದಾಗಲಿ, ತಪ್ಪು ಸದಾ ಹೊರಮುಖವಾಗಿಯೇ ಇರುವುದರಿಂದ ಅದು ತನ್ನನ್ನು ತಾನು ತಿದ್ದಿಕೊಳ್ಳಲಾರದು.

ಭೌತವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಮೇಲಿನ ಎರಡು ನಿಯಮಗಳು ವೃತ್ತದವು ಮಾತ್ರವಲ್ಲ. 'ಅ' ಎಂಬುದನ್ನು ಉಯ್ಯಾಲೆಯ ಸ್ಥಾನವೆಂದೂ 'ಕ' ಎಂಬುದನ್ನು ತಕ್ಕ ಮಾನದಲ್ಲಿ ಅದರ ವೇಗವೆಂದೂ ತಿಳಿದರೆ ಇವು ಸರಳ ಹರಾತ್ಮಕ ಚಲನೆಯ ನಿಯಮಗಳು. ಆಗ ಅ² + ಕ² ಉಯ್ಯಾಲೆಯ ಶಕ್ತಿಗೆ ಅನುಪಾತದಲ್ಲಿರುವುದು. ನಮ್ಮ ತಪ್ಪುಲೆಕ್ಕದ ಉಯ್ಯಾಲೆಯನ್ನು ಯಾರೂ ತಳ್ಳದಿದ್ದರೂ ಅದು ಸುತ್ತುಸುತ್ತಿಗೂ ಮೇಲೇರುತ್ತ ಹೋಗುವುದು! ಇದೇ ವಿಧಾನದಿಂದ ಗ್ರಹವೊಂದರ ಕಕ್ಷೆಯನ್ನು ಗಣಿಸಿದರೆ ಗ್ರಹವೂ ಸೂರ್ಯನಿಂದ ದೂರ ದೂರ ಸರಿಯುತ್ತ ಹೋದಂತೆ ತೋರುವುದು. ಲೆಕ್ಕವನ್ನೇ ನಂಬಿದವನು ಇಲ್ಲದ ವಿಪತ್ತೊಂದನ್ನು ಜಗತ್ತಿಗೆ ಸಾರಿಬಿಡಬಹುದು.

ಪರಿಹಾರವು ಅಚ್ಚರಿಯೆನಿಸುವಷ್ಟು ಚಿಕ್ಕದು. ಮೊದಲು 'ಕ'ವನ್ನು ಬದಲಾಯಿಸಿ, ಬಳಿಕ 'ಅ'ವನ್ನು ಬದಲಾಯಿಸುವಾಗ ಹಳೆಯ 'ಕ'ದ ಬದಲು ಹೊಸ 'ಕ'ವನ್ನೇ ಬಳಸಬೇಕು. ಇಷ್ಟೇ. ಈ ಉಪಾಯವು ಮಾರ್ವಿನ್ ಮಿನ್‌ಸ್ಕಿ ಅವರದು. ಅದು ಅಮೆರಿಕದ ಎಂ.ಐ.ಟಿ. ಸಂಸ್ಥೆಯವರು 1972ರಲ್ಲಿ ಹೊರತಂದ ಹ್ಯಾಕ್‌ಮೆಮ್ ಎಂಬ ಟಿಪ್ಪಣಿಸಂಗ್ರಹದಲ್ಲಿ ದಾಖಲಾಗಿದೆ. ಗಣಕದಲ್ಲಿ ಒಂದು ಸಂಖ್ಯೆಯನ್ನು ಇಡುವ ಜಾಗವನ್ನು ಉಳಿಸಲು ಹೋಗಿ, ಅಕಸ್ಮಾತ್ತಾಗಿ ಅವರಿಗೆ ಇದು ದೊರೆಯಿತು.

ಇದರಿಂದ ಮುಚ್ಚಿದ ರೇಖೆ ದೊರೆಯುವುದೇಕೆ? ಹೊಸ ವಿಧಾನದಲ್ಲಿ ಅ² + ಕ² + ಅಕ/16 ಎಂಬ ಮೊತ್ತವು ಹೆಜ್ಜೆಯಿಂದ ಹೆಜ್ಜೆಗೆ ಬದಲಾಗುವುದೇ ಇಲ್ಲ. ಪ್ರೌಢಶಾಲೆಯ ಬೀಜಗಣಿತದಿಂದಲೇ ಇದನ್ನು ಸಾಧಿಸಬಹುದಾದುದರಿಂದ ಆ ಕೆಲಸವನ್ನು ವಾಚಕರಿಗೇ ಬಿಡುವೆವು. ಈ ಮೊತ್ತವೇ ಇಲ್ಲಿ ದಾರದ ಕೆಲಸ ಮಾಡುವುದು. ನಿಜವಾಗಿ ಇದು ವೃತ್ತವಲ್ಲ, ದೀರ್ಘವೃತ್ತ; ಆದರೆ ಅದರ ಉದ್ದಗಲಗಳ ಅಂತರ ಸುಮಾರು ಶೇಕಡಾ 3 ಮಾತ್ರ. ನಮ್ಮ ತೆರೆಯ ಒರಟು ಮನೆಗಳಲ್ಲಿ ಅದು ಕಾಣದು. ಗ್ರಹಗಳ ಚಲನೆಯನ್ನು ಕೋಟ್ಯಂತರ ವರ್ಷಗಳಿಗೆ ಗಣಿಸುವ ಇಂದಿನ ಸಿಂಪ್ಲೆಕ್ಟಿಕ್ ವಿಧಾನಗಳು ಇದೇ ಕುಲಕ್ಕೆ ಸೇರಿದವು.

ಫೋರ್ತ್‌ನಲ್ಲಿ ಈ ಹೆಜ್ಜೆಯನ್ನು ಹೀಗೆ ಬರೆಯಬಹುದು:

: ಹೆಜ್ಜೆ ಓವರ್ 16 / + ಸ್ವಾಪ್ ಓವರ್ 16 / - ಸ್ವಾಪ್ ;

ಓವರ್ ಎಂಬುದು ಮೇಲಿನಿಂದ ಎರಡನೆಯ ತಟ್ಟೆಯ ಪ್ರತಿಯನ್ನು ಮೇಲಿಡುವುದು. ಸ್ವಾಪ್ ಮೇಲಿನ ಎರಡನ್ನು ಅದಲುಬದಲು ಮಾಡುವುದು. ಫೋರ್ತ್‌ನ ಮೂಲ ಗಣಿತವು ಪೂರ್ಣಾಂಕಗಳದು. ಆದುದರಿಂದ ಒಂದು ಸಾಲಿನ ಎತ್ತರವನ್ನು 100 ಎಂದಿಟ್ಟುಕೊಂಡರೆ ಹತ್ತು ಸಾಲಿನ ತ್ರಿಜ್ಯವು 1000 ಆಗುವುದು. ಅಟ್ಟಿಯಲ್ಲಿ 'ಅ' ಕೆಳಗೆ, 'ಕ' ಮೇಲೆ. ಎಂದರೆ 1000, 0. ಓವರ್ ಆದಮೇಲೆ 1000, 0, 1000. ಹದಿನಾರರಿಂದ ಭಾಗಿಸಿ ಕೂಡಿದರೆ 1000, 62. ಸ್ವಾಪ್, ಓವರ್ ಆದಮೇಲೆ 62, 1000, 62. ಭಾಗಿಸಿ ಕಳೆದರೆ 62, 997. ಕೊನೆಯ ಸ್ವಾಪ್‌ನಿಂದ 997, 62. ಹೊಸ 'ಕ'ದ ಪ್ರತಿಯೇ ಅಟ್ಟಿಯ ಮೇಲಿರುವುದರಿಂದ ಸರಿಯಾದ ದಾರಿಯೇ ಇಲ್ಲಿ ಸುಲಭದ ದಾರಿ!

ಇನ್ನುಳಿದವು:

: ಇಡು 100 / 12 + ಸ್ವಾಪ್ 50 / 40 + ಸ್ವಾಪ್ ಚುಕ್ಕಿ ;
: ವೃತ್ತ 0 101 0 ಡೂ 2ಡ್ಯೂಪ್ ಇಡು ಹೆಜ್ಜೆ ಲೂಪ್ 2ಡ್ರಾಪ್ ;
: ಕಂಬ 5 0 ಡೂ 40 18 ಐ + ಚುಕ್ಕಿ ಲೂಪ್ ;
: ಸೂರ್ಯಪಾನ ಪೇಜ್ 550 ವೃತ್ತ ಕಂಬ 0 23 ಅಟ್-ಎಕ್ಸ್‌ವೈ ;

'ಇಡು' ಎಂಬುದು ದೂರಗಳನ್ನು ಮನೆ ಮತ್ತು ಸಾಲುಗಳಿಗೆ ಪರಿವರ್ತಿಸುವುದು. ಅಡ್ಡಲಾಗಿ 50ರಿಂದ ಭಾಗಿಸಿರುವುದು ಇಮ್ಮಡಿ ಚುಕ್ಕಿಗಳಿಗಾಗಿ. 2ಡ್ಯೂಪ್ ಮೇಲಿನ ಎರಡು ತಟ್ಟೆಗಳಿಗೂ ಪ್ರತಿ ಮಾಡುವುದು, 2ಡ್ರಾಪ್ ಅವನ್ನು ಬಿಸಾಡುವುದು. ಐ ಎಂಬುದು ಸುತ್ತಿನ ಕ್ರಮಸಂಖ್ಯೆ. ಪೇಜ್ ತೆರೆಯನ್ನು ಒರೆಸುವುದು. ಕೊನೆಯಲ್ಲಿ 23ನೆಯ ಸಾಲಿಗೆ ಹೋಗದಿದ್ದರೆ ಫೋರ್ತ್ ಎಂದಿನಂತೆ ಹೇಳುವ 'ಓಕೆ' ಎಂಬ ಉತ್ತರವು ಕಂಬದ ಬುಡಕ್ಕೇ ಅಂಟಿಕೊಳ್ಳುವುದು!

ಈಗ 'ಸೂರ್ಯಪಾನ' ಎಂಬ ಒಂದೇ ಪದವನ್ನು ಒತ್ತಿದರೆ ಸಾಕು; ಕಂಬದ ಮೇಲೆ ನಿಂತ ಚಕ್ರವು ತೆರೆಯಲ್ಲಿ ಮೂಡುವುದು. ಈ ಪದವನ್ನು ಬಿಡಿಸಿದರೆ ವೃತ್ತ, ಅದನ್ನು ಬಿಡಿಸಿದರೆ ಹೆಜ್ಜೆ, ಕೊನೆಗೆ ಉಳಿಯುವುದು ಭಾಗಾಕಾರ, ಸಂಕಲನ, ವ್ಯವಕಲನ ಮತ್ತು ಒಂದು ಚುಕ್ಕಿ. ಯಾವ ಪದವೂ ಒಂದು ಸಾಲನ್ನು ಮೀರಿಲ್ಲ. ಆದುದರಿಂದ ತಪ್ಪಾದಾಗ ಪ್ರತಿಯೊಂದನ್ನೂ ಬೇರೆಯಾಗಿ ನಿಲ್ಲಿಸಿ ಪರೀಕ್ಷಿಸಬಹುದು. ಫೋರ್ತ್‌ನಿಂದ ವಿದ್ಯಾರ್ಥಿಗೆ ಆಗುವ ದೊಡ್ಡ ಉಪಕಾರವೇ ಇದು.

ವಾಚಕರು ಎರಡು ಪ್ರಯೋಗಗಳನ್ನು ಮಾಡಿ ನೋಡಬೇಕು. ಮೊದಲನೆಯದು, '1000 ವೃತ್ತ' ಎಂದು ಒತ್ತುವುದು. ಮೇಲೆ ಕೆಳಗೆ ಅಲ್ಲಲ್ಲಿ ಚುಕ್ಕಿಗಳು ತಪ್ಪಿರುವುದು ಕಾಣುವುದು. 16ನ್ನು 32 ಎಂದೂ 101ನ್ನು 202 ಎಂದೂ ತಿದ್ದಿದರೆ ತೆರಪು ತುಂಬುವುದು. ಎರಡನೆಯದು, ಹಳೆಯ 'ಕ'ವನ್ನೇ ಬಳಸುವ ಹೆಜ್ಜೆಯನ್ನು ತಾವೇ ರಚಿಸಿ ನಮ್ಮ ಚಕ್ಕುಲಿಯನ್ನು ಕಾಣುವುದು. ಸರಿಯಾದ ವೃತ್ತಕ್ಕಿಂತ ನಮಗೆ ಹೆಚ್ಚು ಕಲಿಸಿದ್ದು ಆ ಚಕ್ಕುಲಿಯೇ. ಮುಂದೆ ಗವಿಪುರಂಗೆ ಹೋದಾಗ ಶಿಲಾಚಕ್ರದ ಅಂಚಿನ ಮೇಲೆ ಒಮ್ಮೆ ದೃಷ್ಟಿಯನ್ನು ಸುತ್ತಿಸಿ ನೋಡಿರಿ. ಹೊರಟಲ್ಲಿಗೇ ಮರಳಿ ಬರುವುದು ಎಷ್ಟು ಎಚ್ಚರದ ಕೆಲಸವೆಂಬುದು ಆಗ ಮನದಟ್ಟಾದೀತು.