ನೀರು ಕೇಳದ ಗೊರಟೆ ಹೂವು



ಕೆ. ಹೊಸಕೋಟೆ ಕಡೆ ಮಳೆಗಾಲದಲ್ಲಿ ನೀರಿಗೆ ಬರವಿಲ್ಲ. ಕಷ್ಟ ಶುರುವಾಗೋದು ಶಿವರಾತ್ರಿ ಕಳೆದ ಮೇಲೆ. ಕುಡಿಯುವ ನೀರನ್ನೇ ಕೊಡದಲ್ಲಿ ಹೊತ್ತು ತರುವಾಗ ಹೂವಿನ ಗಿಡಕ್ಕೆ ನೀರು ಹಾಕೋರು ಯಾರು? ದುಡ್ಡು ಕೊಟ್ಟು ತಂದ ಗುಲಾಬಿ, ಸೇವಂತಿಗೆ ಸಸಿಗಳು ಏಪ್ರಿಲ್ ಹೊತ್ತಿಗೆ ಒಣಗಿ ಕಡ್ಡಿಯಾಗುತ್ತವೆ. ಅಂಥ ಹಿತ್ತಲಿಗೆ ಗೊರಟೆಯೇ ಸರಿ.

ಕೆಲವರು ಇದನ್ನು ಸ್ಫಟಿಕದ ಹೂ ಅಂತಾರೆ. ನೇರಳೆ, ಬಿಳಿ, ಗುಲಾಬಿ ಬಣ್ಣಗಳಿವೆ. ಹಳದಿ ಹೂವಿನದು ಮುಳ್ಳುಗೊರಟೆ. ಅದು ಬೇಲಿಗೆ ಚೆನ್ನ. ಇಂಗ್ಲಿಷಿನವರು ನೇರಳೆ ಗೊರಟೆಗೆ 'ಫಿಲಿಪ್ಪೀನ್ ವಯಲೆಟ್' ಎಂದು ಹೆಸರಿಟ್ಟಿದ್ದಾರೆ. ಆದರೆ ಗಿಡ ನಮ್ಮ ದೇಶದ್ದೇ! ಇದರ ಶಾಸ್ತ್ರೀಯ ಹೆಸರು 'ಬಾರ್ಲೇರಿಯಾ'. ಗಿಡಮೂಲಿಕೆ ಅಭ್ಯಾಸ ಮಾಡಿದ ಫ್ರಾನ್ಸಿನ ಡೊಮಿನಿಕನ್ ಸಂನ್ಯಾಸಿ ಬಾರೆಲಿಯೇ ಅವರ ನೆನಪಿಗೆ ಬಂದ ಹೆಸರು ಅದು.

ನೆಡುವುದು ಸುಲಭ. ಜೂನ್‌ನಲ್ಲಿ ಗೇಣುದ್ದದ, ತುಸು ಬಲಿತ ಕಡ್ಡಿ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಮರಳು ಬೆರೆಸಿದ ಮಣ್ಣಿನ ಚೀಲಕ್ಕೆ ಚುಚ್ಚಿ. ಚೀಲಗಳನ್ನು ಸೂರಿನ ಒಳಗಡೆ ಇಡಿ. ನಮ್ಮ ಜಡಿಮಳೆಗೆ ನೇರ ನೆಲದಲ್ಲಿ ನೆಟ್ಟರೆ ಕಡ್ಡಿ ಕೊಳೆಯುವುದೇ ಹೆಚ್ಚು. ಆಗಸ್ಟ್‌ನಲ್ಲಿ ಮಳೆ ಇಳಿದಾಗ ಎರಡು ಅಡಿಗೊಂದರಂತೆ ನೆಲಕ್ಕೆ ನೆಡಿ. ನೀರು ನಿಲ್ಲದ ಇಳಿಜಾರು ಜಾಗವೇ ಬೇಕು. ಬರಗಾಲ ತಡೆಯುವ ಈ ಗಿಡ ಬುಡದಲ್ಲಿ ನಿಂತ ನೀರನ್ನು ಮಾತ್ರ ತಡೆಯೋದಿಲ್ಲ. ದಟ್ಟ ನೆರಳಲ್ಲಿ ಗಿಡ ಬದುಕೀತು, ಹೂವು ಕಡಿಮೆ.

ಮೊದಲ ಬೇಸಿಗೆ ಒಂದೇ ನಾಜೂಕು. ವಾರಕ್ಕೊಂದು ಸಲ ಪಾತ್ರೆ ತೊಳೆದ ನೀರು (ಸೋಪಿಲ್ಲದ್ದು) ಹಾಕಿ, ಬುಡಕ್ಕೆ ತರಗೆಲೆ ದಪ್ಪಗೆ ಹರಡಿ. ಬೇರು ಆಳಕ್ಕಿಳಿದ ಮೇಲೆ, ಎರಡನೇ ವರ್ಷದಿಂದ, ಎಲೆ ಬಾಡಿದರೂ ಗಿಡ ಸಾಯುವುದಿಲ್ಲ. ಮಳೆ ಬಿದ್ದೊಡನೆ ಚಿಗುರುತ್ತದೆ.

ಹೂವು ದೀಪಾವಳಿ ಆಸುಪಾಸಿನಿಂದ ಕ್ರಿಸ್‌ಮಸ್ ದಾಟುವವರೆಗೆ. ಕೊಯ್ಯುವಾಗ ಚುಚ್ಚುವ ತೊಟ್ಟೆಲೆ ಗಿಡದಲ್ಲೇ ಬಿಟ್ಟು ಹೂವನ್ನಷ್ಟೇ ಮೆಲ್ಲಗೆ ಎಳೆಯಿರಿ. ಹೂ ಮುಗಿದ ಮೇಲೆ ಅರ್ಧಕ್ಕೆ ಸವರಿದರೆ ಮುಂದಿನ ವರ್ಷ ಪೊದೆ ತುಂಬುತ್ತದೆ.

ಇದಕ್ಕೆ ವಾಸನೆಯಿಲ್ಲ, ಮರುಗವೋ ದವನವೋ ಸೇರಿಸಿ ಕಟ್ಟಬೇಕು. ಬೇಗ ಬಾಡುವ ಹೂವಾದ್ದರಿಂದ ದೂರದ ಪೇಟೆಗೆ ಕಳಿಸುವ ಆಸೆ ಬೇಡ. ಊರಲ್ಲೇ ಮಾಲೆ ಕಟ್ಟಿ ಮಾರಬಹುದು, ಮನೆಯ ಹೂವಿನ ಖರ್ಚಂತೂ ಉಳಿಯುತ್ತದೆ. ಇದಕ್ಕಾಗಿ ಸಂಘದಿಂದ ಸಾಲ ತೆಗೆಯಬೇಡಿ. ಒಬ್ಬರ ಹಿತ್ತಲಲ್ಲಿ ಒಂದು ಪೊದೆ ಇದ್ದರೆ, ಜೂನ್ ತಿಂಗಳ ಸಭೆಗೆ ಬರುವಾಗ ಒಂದು ಕಟ್ಟು ಕಡ್ಡಿ ತಂದರೆ ಸಾಕು.